ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ, ಬೆಳೆ ಪರಿಹಾರ ಬರುತ್ತಾ?

ನಿಮ್ಮ ಪ್ರಶ್ನೆ ಓದಿದೆ. ಜೇವರ್ಗಿ ಕಡೆ 6 ಎಕರೆ ಖುಷ್ಕಿ (ಮಳೆ ನಂಬಿದ ಹೊಲ), ತೊಗರಿ ಹಾಕಿದ್ರಿ, 2025ರ ಸೆಪ್ಟೆಂಬರ್ ಮಳೆಗೆ ಪೂರ್ತಿ ಹೋಯ್ತು. ಪಕ್ಕದ ಹೊಲದವರಿಗೆ ಪರಿಹಾರ ಬಂತು, ನಿಮಗಿಲ್ಲ. ಪಹಣಿ ತೀರಿಹೋದ ಅಜ್ಜನ ಹೆಸರಲ್ಲಿದೆ, ಒಕ್ಕಲುತನ ಅಪ್ಪನದು. ಯಾರನ್ನು ಕೇಳಬೇಕು ಅಂತಿದ್ದೀರಿ.

ನಾನೂ ಕಲಬುರಗಿ ಕಡೆಯವನು. ಆ ವರ್ಷ ನೀರು ನಿಂತು ಬೇರು ಕೊಳೆತ ತೊಗರಿಯನ್ನು ನಮ್ಮ ಹೊಲದಲ್ಲೂ ನೋಡಿದ್ದೇನೆ. ಗಿಡ ಹಿಡಿದು ಎಳೆದರೆ ಸುಮ್ನೆ ಕೈಗೆ ಬರ್ತಿತ್ತು.

ನಿಮ್ಮ ತೊಡಕು ಬಹುಶಃ ಆ ಪಹಣಿಯಲ್ಲೇ ಇದೆ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಜಂಟಿ ಸಮೀಕ್ಷೆ ಮಾಡುತ್ತಾರೆ. ಬೆಳೆ ಶೇ. 33 ಅಥವಾ ಅದಕ್ಕಿಂತ ಜಾಸ್ತಿ ಹಾಳಾಗಿದ್ದರೆ ಆ ಸರ್ವೆ ನಂಬರ್ ಪಟ್ಟಿಗೆ ಸೇರುತ್ತದೆ. ಆದರೆ ಹಣ ಹಾಕುವಾಗ ನೋಡುವುದು ಪಹಣಿಯ 9ನೇ ಕಾಲಂನಲ್ಲಿರುವ ಮಾಲೀಕರ ಹೆಸರು, ಆ ಹೆಸರಿನ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಅದಕ್ಕೆ ಸೇರಿದ ಆಧಾರ್. ತೀರಿಕೊಂಡವರ ಹೆಸರಿಗೆ ಇವೆಲ್ಲ ಎಲ್ಲಿಂದ ಬರಬೇಕು? ಹೊಲದಲ್ಲಿ ದುಡಿದವರು ಯಾರು ಅಂತ ಪರಿಹಾರದ ತಂತ್ರಾಂಶ ಕೇಳುವುದೇ ಇಲ್ಲ.

ಹಾಗಾಗಿ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡವರ ಹೆಸರಲ್ಲಿರುವ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಅಜ್ಜನ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಹಿಡಿದು ಗ್ರಾಮ ಆಡಳಿತಾಧಿಕಾರಿ ಹತ್ತಿರ ಹೋಗಿ (ನಮ್ಮ ಕಡೆ ಹಿರಿಯರು ಈಗಲೂ ತಲಾಠಿ ಅಂತಲೇ ಕರೆಯೋದು). ಕಾಕಾ, ಅತ್ತೆಯಂದಿರ ಹೆಸರೂ ಬರುತ್ತೆ ಅಂತ ಎಷ್ಟೋ ಮನೆಗಳಲ್ಲಿ ಇದನ್ನು ಮುಂದೂಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಂಟಿ ಖಾತೆ ಆದರೂ ಪರವಾಗಿಲ್ಲ, ಭಾಗ ಆಮೇಲೆ ಮಾಡಿಕೊಳ್ಳಬಹುದು. ಹೆಸರು ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ ಮಾಡಿಸಿ, ನಿಮ್ಮ ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿವೆಯಾ ಅಂತ ಅಲ್ಲೇ ನಿಂತು ನೋಡಿ.

ಈ ಸಲದ ಹಣಕ್ಕೆ ತಹಶೀಲ್ದಾರರಿಗೆ ಬರೆದ ಅರ್ಜಿ ಕೊಡಿ. ಸರ್ವೆ ನಂಬರ್, ಬೆಳೆ, ಹಾಳಾದ ಎಕರೆ ಬರೆದು ಫೋಟೋ ಲಗತ್ತಿಸಿ, ಸ್ವೀಕೃತಿ ಇಲ್ಲದೆ ಬರಬೇಡಿ. ಬಂದೇ ಬರುತ್ತೆ ಅಂತ ನಾನು ಭರವಸೆ ಕೊಡಲಾರೆ. ಆದರೆ ಬಾಯಿಮಾತಿನಲ್ಲಿ ಕೇಳಿ ಬಂದವರ ಕೆಲಸ ಆಗುವುದು ಕಷ್ಟ.

ಎಷ್ಟು ಬರಬಹುದು? ಕೇಂದ್ರದ ಮಾನದಂಡದಲ್ಲಿ ಖುಷ್ಕಿಗೆ ಹೆಕ್ಟೇರಿಗೆ 8,500 ರೂಪಾಯಿ ಇತ್ತು. 2025ರಲ್ಲಿ ರಾಜ್ಯ ಸರ್ಕಾರ ಇನ್ನೂ 8,500 ಸೇರಿಸಿ 17,000 ಮಾಡಿತು. ಮಿತಿ 2 ಹೆಕ್ಟೇರ್, ಅಂದರೆ ಸುಮಾರು 5 ಎಕರೆ. ನಿಮ್ಮ ಆರನೇ ಎಕರೆಗೆ ಏನೂ ಇಲ್ಲ. ಎಕರೆಗೆ ಏಳು ಸಾವಿರವೂ ಮುಟ್ಟದ ಈ ದುಡ್ಡು ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿಗೆ ಸಾಲುತ್ತಾ ಅಂತ ಒಕ್ಕಲುತನ ಮಾಡಿದವರನ್ನೇ ಕೇಳಬೇಕು. ನನ್ನ ಪ್ರಕಾರ ಸಾಲಲ್ಲ. ಹಾಗಂತ ಬಿಡಬೇಡಿ, ಅದು ನಿಮ್ಮ ಹಕ್ಕು.

ಪಹಣಿ ಸರಿಯಿದ್ದೂ ಹಣ ಬರದವರಿಗೆ ಒಂದು ಮಾತು. ಹಣ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ನಮ್ಮ ಕಾಕಾನ ಪರಿಹಾರ ಅವರು ಮರೆತೇ ಬಿಟ್ಟಿದ್ದ ಹಳೆಯ ಖಾತೆಗೆ ಬಿದ್ದಿತ್ತು. ಬ್ಯಾಂಕಿನವರು ಅದನ್ನು ಸಾಲಕ್ಕೆ ಜಮಾ ಮಾಡಿಕೊಂಡಿದ್ದರೆ ಸುಮ್ಮನಿರಬೇಡಿ. 2024ರ ಬರ ಪರಿಹಾರದ ಹೊತ್ತಿನಲ್ಲಿ ಹಾಗೆ ಮಾಡಬಾರದು ಅಂತ ಸರ್ಕಾರವೇ ಸೂಚನೆ ಕೊಟ್ಟಿತ್ತು.

ಬೆಳೆ ವಿಮೆ ಬೇರೆ ಲೆಕ್ಕ. ಪ್ರೀಮಿಯಂ ಕಟ್ಟಿದ್ದರೆ ಅದನ್ನು ಬೇರೆಯಾಗಿಯೇ ಕೇಳಿ.

ನನಗೆ ಜಾಸ್ತಿ ಸಂಕಟ ಆಗೋದು ಲಾವಣಿಗೆ (ಗೇಣಿಗೆ) ಹೊಲ ಮಾಡುವವರನ್ನು ನೋಡಿದಾಗ. 1974ರ ಭೂಸುಧಾರಣೆ ತಿದ್ದುಪಡಿಯ ನಂತರ ನಮ್ಮಲ್ಲಿ ಗೇಣಿಗೆ ಅವಕಾಶವಿಲ್ಲ, ಹಾಗಾಗಿ ಮಾಲೀಕರು ಕಾಗದ ಮಾಡಿಕೊಡಲ್ಲ. ಬೀಜ ಬಿತ್ತಿದ್ದು, ಸಾಲ ಹೊತ್ತಿದ್ದು ಒಬ್ಬರು, ಪರಿಹಾರ ಇನ್ನೊಬ್ಬರಿಗೆ. ನಿಮ್ಮ ಅಪ್ಪನಿಗೆ ಪಹಣಿ ತಿದ್ದಿಸುವ ದಾರಿಯಾದರೂ ಇದೆ. ಈ ವಾರವೇ ಶುರು ಮಾಡಿ.