ಅಕ್ಕನ ಕಟಿಂಗ್, ತಂಗಿಯ ಫೈಲು: ಪಾಲು ಹಂಚುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹಲವು ವರ್ಷಗಳಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ನನ್ನ ತಂಗಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಪ್ಯಾಟರ್ನ್ ವಿಭಾಗದಲ್ಲಿದ್ದು, ಮಗುವಾದ ಮೇಲೆ ಕೆಲಸ ಬಿಟ್ಟಳು. ಈಗ ಮೂರು ವರ್ಷಗಳಿಂದ ಇಬ್ಬರೂ ಸೇರಿ ಪ್ರಿನ್ಸೆಸ್ ಕಟ್, ಕಟೋರಿ, ಬೋಟ್ ನೆಕ್ ಬ್ಲೌಸ್‌ಗಳ ಮತ್ತು ಮಕ್ಕಳ ಲಂಗ-ರವಿಕೆಯ ಪ್ಯಾಟರ್ನ್‌ಗಳನ್ನು (ಬಟ್ಟೆ ಕತ್ತರಿಸಲು ಅಳತೆ ಹಾಕಿ ಬರೆದ ಮಾದರಿಗಳನ್ನು) ಪಿಡಿಎಫ್ ಮಾಡಿ ಮಾರುತ್ತಿದ್ದೇವೆ. ಹಣವೆಲ್ಲ ತಂಗಿಯ ಖಾತೆಗೆ ಬರುತ್ತದೆ, ತಿಂಗಳ ಕೊನೆಗೆ ಅರ್ಧ ನನಗೆ ಕಳಿಸುತ್ತಾಳೆ. ಗ್ರೇಡಿಂಗ್ (ಒಂದು ಸೈಜಿನ ಕಟಿಂಗ್‌ನಿಂದ ಉಳಿದ ಸೈಜುಗಳನ್ನು ಮಾಡುವುದು), ಕಂಪ್ಯೂಟರ್ ಕೆಲಸ, ಗ್ರಾಹಕರಿಗೆ ಉತ್ತರ ಕೊಡುವುದು ಎಲ್ಲವೂ ತನ್ನ ಮೇಲೆಯೇ ಬಿದ್ದಿರುವಾಗ ಅರ್ಧ ಪಾಲು ನ್ಯಾಯವಲ್ಲ ಎಂಬುದು ಅವಳ ಈಗಿನ ಮಾತು. ಮೂಲ ಕಟಿಂಗ್ ನನ್ನದಲ್ಲದಿದ್ದರೆ ಮಾರುವುದಕ್ಕೆ ಏನಿರುತ್ತಿತ್ತು ಎಂಬುದು ನನ್ನ ಪ್ರಶ್ನೆ. ಅಕ್ಕ-ತಂಗಿಯರ ನಡುವೆ ಎಂಥ ಲೆಕ್ಕ ಎಂದು ಅಮ್ಮ ಗದರುತ್ತಾರೆ. ಬರಹದಲ್ಲಿ ನಾವು ಏನೂ ಮಾಡಿಕೊಂಡಿಲ್ಲ. ಮುಂದೇನು ಮಾಡಬೇಕು?

ಉತ್ತರ: ನಿಮ್ಮಿಬ್ಬರ ವಾದದಲ್ಲೂ ಹುರುಳಿದೆ. ತೊಡಕಾಗಿರುವುದು ಇಷ್ಟೇ: ಮಾಡಿದ ಕೆಲಸಕ್ಕೆ ಕೂಲಿ, ವ್ಯವಹಾರದ ಲಾಭದಲ್ಲಿ ಪಾಲು, ಪ್ಯಾಟರ್ನ್‌ನ ಒಡೆತನ ಎಂಬ ಮೂರು ಬೇರೆ ಬೇರೆ ಲೆಕ್ಕಗಳು ತಿಂಗಳ ಕೊನೆಯ ಒಂದೇ ಮೊತ್ತದಲ್ಲಿ ಬೆರೆತುಹೋಗಿವೆ. ನಿಮ್ಮ ತಂಗಿ ಕೇಳುತ್ತಿರುವುದು ಕೂಲಿಯನ್ನು, ನೀವು ಎತ್ತುತ್ತಿರುವುದು ಒಡೆತನವನ್ನು. ಅರ್ಧರ್ಧ ಎಂಬ ಹಂಚಿಕೆ ಇವೆರಡಕ್ಕೂ ಉತ್ತರವಾಗುವುದಿಲ್ಲ.

ಟೇಲರಿಂಗ್ ಅಂಗಡಿಯಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ, ಏಕೆಂದರೆ ಅಲ್ಲಿ ಒಂದು ಬ್ಲೌಸ್ ಹೊಲಿದು ಕೊಟ್ಟರೆ ಅದರ ಕೆಲಸವೂ ಮುಗಿಯಿತು, ಅದರ ಕೂಲಿಯೂ ಬಂತು. ಪ್ಯಾಟರ್ನ್ ಮಾರಾಟದಲ್ಲಿ ಹಾಗಲ್ಲ. ಮೂಲ ಕಟಿಂಗ್ ಸಿದ್ಧವಾಗುವುದು ಒಮ್ಮೆ, ಅದರಿಂದ ಹಣ ಬರುವುದು ವರ್ಷಗಟ್ಟಲೆ, ಮತ್ತು ಆ ವರ್ಷಗಳುದ್ದಕ್ಕೂ ಸಣ್ಣಪುಟ್ಟ ಕೆಲಸ ಹುಟ್ಟುತ್ತಲೇ ಇರುತ್ತದೆ. ಗ್ರೇಡಿಂಗ್ ಎಂದರೆ ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸುವುದು ಎಂದು ಹೊರಗಿನವರು ತಿಳಿಯುತ್ತಾರೆ, ನೀವು ಹಾಗೆ ತಿಳಿಯಲಾರಿರಿ. 34ರಿಂದ 36ಕ್ಕೆ ಹೋಗುವಾಗ ಎದೆ ಸುತ್ತಳತೆಯ ಎರಡು ಇಂಚು ಕಾಲುಭಾಗದ ತುಂಡಿನಲ್ಲಿ ಅರ್ಧ ಇಂಚಾಗುತ್ತದೆ, ಆದರೆ ಭುಜವಾಗಲಿ ಕುತ್ತಿಗೆಯಾಗಲಿ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಕಂಕುಳಿನ ಸುತ್ತು ಬದಲಾದೊಡನೆ ತೋಳಿನ ತಲೆಯನ್ನೂ (ಭುಜಕ್ಕೆ ಕೂಡುವ ಮೇಲಂಚನ್ನೂ) ತಿದ್ದಿ, ಎರಡನ್ನೂ ಅಳೆದು ಹೊಂದಿಸಬೇಕು. 30ರಿಂದ 46ರವರೆಗೆ ಒಂಬತ್ತು ಸೈಜುಗಳಿದ್ದರೆ ಈ ತಾಳೆ ನೋಡುವ ಕೆಲಸ ಒಂಬತ್ತು ಸಲ. ಹಾಗೆಯೇ, ಹಿಂಭಾಗದ ಕುತ್ತಿಗೆಯನ್ನು ಎಷ್ಟು ಇಳಿಸಿದರೆ ಭುಜ ಜಾರುತ್ತದೆ, ಲೈನಿಂಗ್ ಹಾಕಿದ ರೇಷ್ಮೆಗೆ ಎಷ್ಟು ಸಡಿಲ ಬಿಡಬೇಕು ಎಂಬ ನಿಮ್ಮ ತಿಳಿವಳಿಕೆ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಆದುದರಿಂದ ಯಾರ ವಿದ್ಯೆ ದೊಡ್ಡದು ಎಂಬ ಚರ್ಚೆಯನ್ನು ದಯವಿಟ್ಟು ಆರಂಭಿಸಬೇಡಿ, ಅದಕ್ಕೆ ಕೊನೆಯಿಲ್ಲ.

ಈಗ ಕಾನೂನು. ನೀವು ಬರಹದಲ್ಲಿ ಏನೂ ಮಾಡಿಕೊಳ್ಳದಿದ್ದರೂ, ಲಾಭ ಹಂಚಿಕೊಳ್ಳುವ ಒಪ್ಪಿಗೆಯ ಮೇಲೆ ಇಬ್ಬರೂ ಸೇರಿ ವ್ಯಾಪಾರ ನಡೆಸುತ್ತಿರುವುದರಿಂದ 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ನಿಮಗೆ ಅನ್ವಯಿಸುವ ಸಂಭವವೇ ಹೆಚ್ಚು. ಪಾಲುದಾರಿಕೆ ಒಪ್ಪಂದದಿಂದ ಉಂಟಾಗುತ್ತದೆಯೇ ಹೊರತು ಸಂಬಂಧ ಅಥವಾ ಸ್ಥಾನಮಾನದಿಂದಲ್ಲ ಎಂದು ಆ ಕಾಯ್ದೆಯ 5ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅಕ್ಕ-ತಂಗಿ ಎಂಬ ಕಾರಣಕ್ಕೆ ಅಲ್ಲಿ ವಿಶೇಷ ನಿಯಮವೇನೂ ಇಲ್ಲ. 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಪಾಲುದಾರರು ಲಾಭ-ನಷ್ಟಗಳನ್ನು ಸಮನಾಗಿ ಹಂಚಿಕೊಳ್ಳಬೇಕು, ಮತ್ತು ವ್ಯವಹಾರ ನಡೆಸಿದ್ದಕ್ಕಾಗಿ ಯಾವ ಪಾಲುದಾರರಿಗೂ ಸಂಬಳ ಕೇಳುವ ಹಕ್ಕಿಲ್ಲ. ಅಂದರೆ ಬರಹವಿಲ್ಲದ ಇಂದಿನ ಸ್ಥಿತಿಯಲ್ಲಿ ಕಾನೂನು ನಿಮ್ಮ ಪಕ್ಷವನ್ನೇ ಹಿಡಿಯುತ್ತದೆ. ಆದರೆ ಆ ಬಲವನ್ನು ನೀವು ಬಳಸಬಾರದು ಎಂಬುದು ನನ್ನ ಸಲಹೆ, ಏಕೆಂದರೆ ಲಿಖಿತ ನೋಟಿಸ್ ಒಂದನ್ನು ಕೊಟ್ಟು ಇಂಥ ಪಾಲುದಾರಿಕೆಯನ್ನು ಮುಗಿಸುವ ಹಕ್ಕು ನಿಮ್ಮ ತಂಗಿಗೂ ಇದೆ. ಫೈಲುಗಳೂ ಗ್ರಾಹಕರ ಪಟ್ಟಿಯೂ ಇರುವುದು ಅವರ ಕಂಪ್ಯೂಟರಿನಲ್ಲಿ ಎಂಬುದನ್ನೂ ಮರೆಯಬೇಡಿ.

ಹಂಚಿಕೆಗೆ ನಾನು ಸೂಚಿಸುವ ಕ್ರಮ ಇದು: ಮೊದಲು ಖರ್ಚು ಕಳೆಯಿರಿ, ಆಮೇಲೆ ಮುಂದಿನ ಪ್ಯಾಟರ್ನ್‌ಗಳ ಟ್ರಯಲ್ ಬಟ್ಟೆ, ಫೋಟೋ ಮುಂತಾದವುಗಳಿಗೆ ಸ್ವಲ್ಪ ತೆಗೆದಿಡಿ, ಆಮೇಲೆ ಇಬ್ಬರಿಗೂ ಆ ತಿಂಗಳ ಕೆಲಸದ ಕೂಲಿ ಕೊಡಿ, ಅದಾದ ಮೇಲೆ ಉಳಿದದ್ದನ್ನು ಮಾತ್ರ ಅರ್ಧರ್ಧ ಮಾಡಿ. ಲೆಕ್ಕಕ್ಕೆಂದು ತಿಂಗಳ ಮಾರಾಟ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಖರ್ಚು 12,000, ಮೀಸಲು 8,000 ಹೋದರೆ 40,000 ಉಳಿಯುತ್ತದೆ. ಗಂಟೆಗೆ 150 ರೂಪಾಯಿಯಂತೆ ತಂಗಿ 100 ಗಂಟೆ, ನೀವು 60 ಗಂಟೆ ದುಡಿದಿದ್ದರೆ ಅವರಿಗೆ 15,000, ನಿಮಗೆ 9,000. ಮಿಕ್ಕ 16,000ದಲ್ಲಿ ತಲಾ 8,000. ಒಟ್ಟಿನಲ್ಲಿ ತಂಗಿಗೆ 23,000, ನಿಮಗೆ 17,000 ಸೇರುತ್ತದೆ. ಈಗಿನ ಪದ್ಧತಿಯಂತೆ ತಲಾ 20,000 ಬರುತ್ತಿತ್ತು. ನಿಮಗೆ ಕಡಿಮೆಯಾಗುವ ಮೂರು ಸಾವಿರ ನಿಮ್ಮ ಕಟಿಂಗ್‌ಗೆ ಹಾಕಿದ ಬೆಲೆಯಲ್ಲ, ತಂಗಿಯ ಹೆಚ್ಚುವರಿ ಗಂಟೆಗಳ ಬಾಬ್ತು. ಹೊಸ ಪ್ಯಾಟರ್ನ್‌ನ ಟ್ರಯಲ್ ಹೊಲಿಯುವ ತಿಂಗಳಲ್ಲಿ ಇದೇ ಲೆಕ್ಕ ನಿಮ್ಮ ಕಡೆಗೆ ವಾಲಬಹುದು.

ಗಂಟೆಯ ದರ ಇಬ್ಬರಿಗೂ ಒಂದೇ ಇರಲಿ. ಹೊರಗಿನ ಮಾರುಕಟ್ಟೆಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೆಚ್ಚು ಕೊಡುತ್ತಾರೆ ಎಂಬ ವಾದ ಬರಬಹುದು ಮತ್ತು ಅದು ನಿಜವೂ ಇರಬಹುದು, ಆದರೂ ಒಡಹುಟ್ಟಿದವರ ವ್ಯವಹಾರದಲ್ಲಿ ಎರಡು ದರ ಇಟ್ಟರೆ ಪ್ರತಿ ತಿಂಗಳೂ ತಕ್ಕಡಿ ಹಿಡಿದು ಕೂರಬೇಕಾಗುತ್ತದೆ. ಗಂಟೆಗಳನ್ನು ಅಂದಂದೇ ಒಂದು ಪುಸ್ತಕದಲ್ಲಿ ಬರೆಯಿರಿ. ಗ್ರಾಹಕರೊಬ್ಬರಿಗೆ ರಾತ್ರಿ ಹತ್ತಕ್ಕೆ ಫೋನಿನಲ್ಲಿ ಟಕ್ಸ್ (ಮೈಗೆ ಹೊಂದಲು ಹೊಲಿಯುವ ಮಡಿಕೆ) ಎಲ್ಲಿ ಹಿಡಿಯಬೇಕೆಂದು ವಿವರಿಸಿದ್ದೂ ಕೆಲಸವೇ, ನೀವು ಅಂಗಡಿಯ ಬಿಡುವಿನಲ್ಲಿ ಟ್ರಯಲ್ ಬ್ಲೌಸ್ ಬಿಚ್ಚಿ ಮತ್ತೆ ಹೊಲಿದದ್ದೂ ಕೆಲಸವೇ.

ಒಡೆತನದ ವಿಷಯವನ್ನು ಇನ್ನೂ ಎಚ್ಚರಿಕೆಯಿಂದ ನೋಡಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸಾಮಾನ್ಯವಾಗಿ ಕೃತಿ ರಚಿಸಿದವರೇ ಅದರ ಮೊದಲ ಒಡೆಯರು. ನೀವು ಖಾಕಿ ಕಾಗದದ ಮೇಲೆ ಬರೆದ ಮೂಲ ಕಟಿಂಗ್, ತಂಗಿ ಅದರಿಂದ ಮಾಡಿದ ಗ್ರೇಡೆಡ್ ಚಿತ್ರಗಳು, ಹೊಲಿಗೆಯ ಸೂಚನೆಗಳ ಬರಹ, ಫೋಟೋಗಳು ಇವೆಲ್ಲ ಬೇರೆ ಬೇರೆ ಕೈಗಳಿಂದ ಬಂದವು. ಯಾವುದು ಯಾರದು ಎಂದು ಮೂರು ವರ್ಷಗಳ ನಂತರ ಬಿಡಿಸುವುದು ವಕೀಲರಿಗೂ ಸುಲಭವಲ್ಲ. ಎಲ್ಲವನ್ನೂ ಪಾಲುದಾರಿಕೆ ಸಂಸ್ಥೆಗೆ ಲಿಖಿತವಾಗಿ ವರ್ಗಾಯಿಸಿಬಿಡುವುದು ಒಳ್ಳೆಯದು. ಆದರೆ ಆ ಪತ್ರದಲ್ಲಿ ಅವಧಿಯನ್ನು ನಮೂದಿಸದಿದ್ದರೆ ಕಾಯ್ದೆಯ 19ನೇ ಕಲಮಿನಂತೆ ವರ್ಗಾವಣೆ ಐದು ವರ್ಷಕ್ಕೆ ಮಾತ್ರ ಎಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಭಾವಿಸಲಾಗುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರು ನಿಮ್ಮ ಪಿಡಿಎಫ್ ಕೊಳ್ಳುವವರಾದರೆ ಈ ಎರಡು ಸಾಲು ಬಿಟ್ಟುಹೋಗದಂತೆ ನೋಡಿಕೊಳ್ಳಿ. ನಿಮ್ಮ ಅಂಗಡಿಯ ಗಿರಾಕಿಗಳಿಗೆ ಅದೇ ಕಟಿಂಗ್ ಬಳಸುವ ಹಕ್ಕು ಎಂದೆಂದಿಗೂ ನಿಮಗೆ ಉಳಿದಿರುತ್ತದೆ ಎಂದೂ ಸೇರಿಸಿ. ಮುಂದೆ ಒಬ್ಬರು ಹೊರಹೋದರೆ ಹಳೆಯ ಪ್ಯಾಟರ್ನ್‌ಗಳನ್ನು ಯಾರು ಮಾರಬೇಕು, ಹೊರಹೋದವರಿಗೆ ಪ್ರತಿ ಮಾರಾಟದಲ್ಲಿ ಎಷ್ಟು ಭಾಗ, ಎಷ್ಟು ವರ್ಷ, ಹೆಸರು ಯಾರಿಗೆ ಎಂಬುದನ್ನು ಮನಸ್ಸು ತಿಳಿಯಾಗಿರುವಾಗಲೇ ಬರೆದುಕೊಳ್ಳಬೇಕು.

ಹಣವೆಲ್ಲ ತಂಗಿಯ ಸ್ವಂತ ಖಾತೆಗೆ ಬರುವುದು ಕೂಡಲೇ ನಿಲ್ಲಬೇಕು, ಏಕೆಂದರೆ ಆದಾಯ ತೆರಿಗೆ ಇಲಾಖೆಗೆ ಅಷ್ಟೂ ಅವರೊಬ್ಬರದೇ ಆದಾಯದಂತೆ ಕಾಣುತ್ತದೆ. ಪಾಲುದಾರಿಕೆ ಪತ್ರ ಮಾಡಿಸಿ, ಸಂಸ್ಥೆಯ ಹೆಸರಿನಲ್ಲಿ ಪ್ಯಾನ್ ಮತ್ತು ಕರೆಂಟ್ ಖಾತೆ ತೆರೆಯಿರಿ, ಸಂಸ್ಥೆಯನ್ನು ನೋಂದಾಯಿಸಿ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಸಂಸ್ಥೆ ಒಪ್ಪಂದ ಮುರಿದವರ ಮೇಲೆ ದಾವೆ ಹೂಡಲಾಗದು. ಸಂಸ್ಥೆಯ ಲಾಭಕ್ಕೆ ವ್ಯಕ್ತಿಗಳಿಗಿರುವ ಮೂಲ ವಿನಾಯಿತಿ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ. ಆದಕಾರಣ ಮೇಲೆ ಹೇಳಿದ ಕೂಲಿಯನ್ನು ಪಾಲುದಾರರ ಸಂಬಳ ಎಂದು ಪತ್ರದಲ್ಲೇ ನಮೂದಿಸುವುದರಿಂದ ನ್ಯಾಯವೂ ಆಗುತ್ತದೆ, ಕಾನೂನಿನ ಮಿತಿಯೊಳಗೆ ತೆರಿಗೆಯೂ ಉಳಿಯುತ್ತದೆ. 2025ರ ಏಪ್ರಿಲ್‌ನಿಂದ ಪಾಲುದಾರರಿಗೆ ಕೊಡುವ ಇಂಥ ಸಂಬಳ ವರ್ಷಕ್ಕೆ 20,000 ರೂಪಾಯಿ ಮೀರಿದರೆ ಶೇ 10 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿತ ಮಾಡಬೇಕು. ಜಿಎಸ್‌ಟಿಯಲ್ಲಿ ಪಿಡಿಎಫ್ ಮಾರಾಟ ಸೇವೆಯ ಲೆಕ್ಕಕ್ಕೆ ಬರುವುದರಿಂದ ವಾರ್ಷಿಕ ವಹಿವಾಟು 20 ಲಕ್ಷ ಮುಟ್ಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. ಮುದ್ರಿಸಿದ ಪ್ಯಾಟರ್ನ್‌ಗಳನ್ನು ಹೊರರಾಜ್ಯಕ್ಕೆ ಕಳಿಸುವ ಯೋಚನೆ ಇದ್ದರೆ ನಿಯಮ ಬೇರೆ, ಮೊದಲು ಆಡಿಟರನ್ನು ಕೇಳಿ.

ಅಮ್ಮನ ವಿಷಯ. ಅವರ ಮಾತಿನ ಹಿಂದಿನ ಆತಂಕ ಅರ್ಥವಾಗುವಂಥದ್ದು, ಆದರೆ ಅವರನ್ನು ಪಂಚಾಯ್ತಿಗೆ ಕೂರಿಸಬೇಡಿ. ಯಾರ ಪರ ಹೇಳಿದರೂ ಅವರಿಗೇ ನೋವು. ಇಬ್ಬರಿಗೂ ಒಪ್ಪಿಗೆಯಾದ, ಮನೆಯವರಲ್ಲದ ಒಬ್ಬರ ಹೆಸರನ್ನು ಮಧ್ಯಸ್ಥರೆಂದು ಪತ್ರದಲ್ಲಿ ಬರೆಯಿರಿ.

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಮೈಸೂರಿನಿಂದ ಕುರ್ತಿ ಪ್ಯಾಟರ್ನ್‌ಗಳನ್ನು ಮಾರುತ್ತೇವೆ. ಒಬ್ಬರು ಕೊಂಡ ಫೈಲು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಪ್ರತಿ ಫೈಲಿಗೂ ಪಾಸ್‌ವರ್ಡ್ ಹಾಕೋಣ, ಕೇಸು ಹಾಕೋಣ ಎಂದು ತಮ್ಮ ಹಟ ಹಿಡಿದಿದ್ದಾನೆ. ನನಗೆ ಗ್ರಾಹಕರು ಬೇಸತ್ತು ಹೋದಾರೆಂಬ ಭಯ.

ಉತ್ತರ: ನಿಮ್ಮ ಚಿತ್ರಗಳಿಗೆ ಮತ್ತು ಸೂಚನೆಗಳ ಬರಹಕ್ಕೆ ಹಕ್ಕುಸ್ವಾಮ್ಯದ ರಕ್ಷಣೆ ಇದೆ, ಆ ಫೈಲನ್ನೇ ಹಂಚುವುದು ಉಲ್ಲಂಘನೆ. ಆದರೆ ನಿಮ್ಮ ಕುರ್ತಿಯನ್ನು ನೋಡಿ ಮತ್ತೊಬ್ಬರು ತಾವೇ ಅಳತೆ ಹಾಕಿ ಅಂಥದೇ ಪ್ಯಾಟರ್ನ್ ಬರೆದರೆ ಅದನ್ನು ತಡೆಯುವುದು ಬಹಳ ಕಷ್ಟ, ಏಕೆಂದರೆ ಕತ್ತರಿಸುವ ವಿಧಾನಕ್ಕೆ ಹಕ್ಕುಸ್ವಾಮ್ಯವಿಲ್ಲ. ಉಡುಪಿನ ಹೊರರೂಪ ನಿಜಕ್ಕೂ ಹೊಸದಾಗಿದ್ದರೆ 2000ದ ವಿನ್ಯಾಸ ಕಾಯ್ದೆಯಡಿ, ಅದನ್ನು ಪ್ರಕಟಿಸುವ ಮೊದಲೇ, ನೋಂದಾಯಿಸಬಹುದು; ಸಾದಾ ಎ-ಲೈನ್ ಕುರ್ತಿಗೆ ಆ ಖರ್ಚು ವ್ಯರ್ಥ.

ಪಾಸ್‌ವರ್ಡ್ ವಿಷಯದಲ್ಲಿ ನಿಮ್ಮ ಭಯವೇ ಸರಿ. ಕೊಂಡವರು ಪಕ್ಕದ ಜೆರಾಕ್ಸ್ ಅಂಗಡಿಗೆ ಫೈಲು ಕಳಿಸಿ ಮುದ್ರಿಸಬೇಕಾಗುತ್ತದೆ, ಅಲ್ಲಿ ಅದು ತೆರೆಯದಿದ್ದರೆ ಫೋನು ಬರುವುದು ನಿಮಗೆ. ಬದಲಿಗೆ ಪ್ರತಿ ಪುಟದ ಅಂಚಿನಲ್ಲಿ ಕೊಂಡವರ ಹೆಸರು ಮತ್ತು ಆರ್ಡರ್ ಸಂಖ್ಯೆ ಮುದ್ರಣವಾಗುವಂತೆ ಮಾಡಿ. ತಮ್ಮ ಹೆಸರಿರುವ ಹಾಳೆಯನ್ನು ಗುಂಪಿಗೆ ಹಾಕಲು ಹೆಚ್ಚಿನವರು ಹಿಂಜರಿಯುತ್ತಾರೆ. ಫೈಲನ್ನು ಹಣಕ್ಕೆ ಮರುಮಾರಾಟ ಮಾಡುವವರು ಸಿಕ್ಕರೆ ಮಾತ್ರ ವಕೀಲರ ನೋಟಿಸ್ ಕಳಿಸಿ, ಆ ಮಾರಾಟ ನಡೆಯುವ ಜಾಲತಾಣದ ಕುಂದುಕೊರತೆ ಅಧಿಕಾರಿಗೂ ದೂರು ಕೊಡಿ. ಪುಕ್ಕಟೆ ಪಡೆದ ಗೃಹಿಣಿಯರ ಬೆನ್ನು ಹತ್ತಲು ನಿಮ್ಮ ತಮ್ಮ ಕಳೆಯುವ ಸಮಯದಲ್ಲಿ ಇನ್ನೊಂದು ಪ್ಯಾಟರ್ನ್ ಸಿದ್ಧವಾಗುತ್ತದೆ.

ಪ್ರಶ್ನೆ: ನಮ್ಮ 36ರ ಬ್ಲೌಸ್ ಪ್ಯಾಟರ್ನ್ ಬಿಗಿಯಾಗುತ್ತದೆಂದು ಕೆಲವರು ದೂರುತ್ತಾರೆ, ಉಳಿದವರಿಗೆ ಸರಿಯಾಗಿದೆ. ಕಟಿಂಗ್ ತಪ್ಪೆಂದು ಅಣ್ಣ, ಫೈಲು ತಪ್ಪೆಂದು ನಾನು ಜಗಳವಾಡುತ್ತಿದ್ದೇವೆ.

ಉತ್ತರ: ಬಹುಶಃ ಎರಡೂ ತಪ್ಪಲ್ಲ, ಮುದ್ರಣದ ಆಯ್ಕೆ ತಪ್ಪು. ‘ಫಿಟ್ ಟು ಪೇಜ್’ ಇಟ್ಟರೆ ಮುದ್ರಣಯಂತ್ರ ಪುಟವನ್ನು ತುಸು ಕುಗ್ಗಿಸುತ್ತದೆ. ಶೇ 4ರಷ್ಟು ಕುಗ್ಗಿದರೂ 36 ಇಂಚು ಸುಮಾರು ಮೂವತ್ತನಾಲ್ಕೂವರೆಗೆ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಸೈಜು ಕೆಳಗೆ. ಮೊದಲ ಪುಟದಲ್ಲಿ 5 ಸೆಂಟಿಮೀಟರಿನ ಚೌಕವೊಂದನ್ನು ಹಾಕಿ, ಆ ಪುಟವನ್ನಷ್ಟೇ ‘ಆ್ಯಕ್ಚುಯಲ್ ಸೈಜ್’ನಲ್ಲಿ ಮುದ್ರಿಸಿ ಸ್ಕೇಲಿನಿಂದ ಅಳೆದ ನಂತರವೇ ಉಳಿದದ್ದನ್ನು ಮುದ್ರಿಸುವಂತೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ದೂರಿದವರಿಂದ ಆ ಚೌಕದ ಮೇಲೆ ಸ್ಕೇಲಿಟ್ಟ ಫೋಟೋ ತರಿಸಿಕೊಳ್ಳಿ. ಅಮೆರಿಕದಲ್ಲಿ ಬಳಸುವ ಲೆಟರ್ ಕಾಗದ 216×279 ಮಿಲಿಮೀಟರ್, ನಮ್ಮ ಎ4 ಕಾಗದ 210×297. ಒಂದು ಅಗಲ ಹೆಚ್ಚು, ಇನ್ನೊಂದು ಉದ್ದ ಹೆಚ್ಚು. ಅಲ್ಲಿಯವರೂ ಕೊಳ್ಳುತ್ತಾರಾದರೆ ಎರಡೂ ಕಾಗದದೊಳಗೆ ಹಿಡಿಯುವಂತೆ ಪುಟದ ಚಿತ್ರವನ್ನು 190×260ರೊಳಗೆ ಇಡಿ. ಚೌಕ ಸರಿಯಾಗಿದ್ದೂ ಬ್ಲೌಸ್ ಬಿಗಿಯಾದರೆ, ಹೊಲಿಗೆಗೆ ಬಿಡುವ ಮಾರ್ಜಿನ್ ಪ್ಯಾಟರ್ನ್‌ನಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಪ್ರತಿ ತುಂಡಿನ ಮೇಲೂ ಬರೆದಿದ್ದೀರಾ ಎಂದು ನೋಡಿ. ಅದೂ ಸರಿಯಿದ್ದರೆ ಅಣ್ಣನೂ ನೀವೂ ಆ ಸೈಜಿನ ಮುದ್ರಿತ ಹಾಳೆಗಳನ್ನು ಅಂಟಿಸಿ, ಮೂಲ ಕಟಿಂಗ್ ಮೇಲೆ ಇಟ್ಟು ತಾಳೆ ನೋಡಿ.