ಮುಧೋಳ ಮರಿಗೆ ಹೆಜ್ಜೆಯ ಜಾಡು ಹಿಡಿಯಲು ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ತಿರುಳು ಇದು: ಜಮಖಂಡಿ ಹತ್ತಿರ ಇದ್ದೀರಿ, ಆರು ತಿಂಗಳ ಮುಧೋಳ ಮರಿ ಇದೆ. ಪೊಲೀಸ್ ನಾಯಿಯ ಹಾಗೆ ಮನುಷ್ಯನ ಜಾಡು ಹಿಡಿಯಲು ಕಲಿಸಬೇಕೆಂದಿದ್ದೀರಿ. ಆದರೆ ಹೊಲಕ್ಕೆ ಹೋದ ಕೂಡಲೇ ಅದು ತಲೆ ಎತ್ತಿ ದೂರ ನೋಡುತ್ತದೆ, ನೆಲಕ್ಕೆ ಮೂಗು ಹಚ್ಚುವುದಿಲ್ಲ. ಈ ತಳಿಗೆ ಈ ವಿದ್ಯೆ ಬರುತ್ತದೋ ಇಲ್ಲವೋ?

ಬರುತ್ತದೆ. ಮರಿಯ ಮೂಗಿನಲ್ಲಿ ಕೊರತೆಯೇನೂ ಇಲ್ಲ. ಬಯಲಿನಲ್ಲಿ ಮೊಲವನ್ನು ಕಣ್ಣಿಂದ ಹಿಡಿದು ಓಡಿಸಲೆಂದೇ ತಲೆಮಾರುಗಳಿಂದ ಸಾಕಿದ ತಳಿ ಇದು. ಕಣ್ಣಿಗೆ ಕೆಲಸವಿರುವ ತನಕ ಮೂಗನ್ನು ಬಳಸುವುದಿಲ್ಲ. 2016ರಲ್ಲಿ ಸೇನೆಯವರು ಮುಧೋಳದ ಮರಿಗಳನ್ನು ಮೀರತ್‌ನ ತಮ್ಮ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟದ್ದು ನಿಮಗೂ ಗೊತ್ತಿರಬಹುದು. ಡಾಬರ್‌ಮನ್, ಜರ್ಮನ್ ಶೆಫರ್ಡ್‌ಗಿಂತ ಇದಕ್ಕೆ ಹೆಚ್ಚು ತಾಳ್ಮೆ ಬೇಕು, ಅಷ್ಟೇ. ಹಾಗಾಗಿ ಮೊದಲ ಎರಡು ತಿಂಗಳು ನಿಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಜಾಗ, ಹೊತ್ತು, ಗಾಳಿ ಆರಿಸುವುದೇ ಆಗಿರಬೇಕು. ಕಣ್ಣಿಗೆ ಏನೂ ಸಿಗದಿದ್ದರೆ ಮೂಗು ತಾನಾಗಿ ಕೆಳಗೆ ಇಳಿಯುತ್ತದೆ.

ನಾಯಿ ಹಿಡಿಯುವ ಜಾಡಿನಲ್ಲಿ ಎರಡು ವಾಸನೆ ಕೂಡಿರುತ್ತವೆ. ಒಂದು, ನಮ್ಮ ಮೈಯಿಂದ ಸದಾ ಉದುರುವ ಚರ್ಮದ ಸಣ್ಣ ಹೊಟ್ಟು ಮತ್ತು ಅದರ ಮೇಲಿನ ಬ್ಯಾಕ್ಟೀರಿಯಾಗಳಿಂದ ಬರುವುದು. ಇನ್ನೊಂದು, ಕಾಲಡಿ ಜಜ್ಜಿದ ಹುಲ್ಲು ಮತ್ತು ಕದಡಿದ ಮಣ್ಣಿನದು. ಎರಡಕ್ಕೂ ಪಸಿ, ಅಂದರೆ ನೆಲದ ತೇವ, ಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಬಾಯಿ ಬಿಟ್ಟ ಎರಿ ಹೊಲದಲ್ಲಿ ಹೊಸ ಮರಿಗೆ ಕಲಿಸಲು ಹೋಗಬೇಡಿ. ಬಿಸಿಲಿಗೆ ವಾಸನೆ ಬೇಗ ಸಾಯುತ್ತದೆ, ಉಳಿದದ್ದು ಬಿರುಕಿಗೆ ಇಳಿಯುತ್ತದೆ. ಮೇಲಾಗಿ ಬಿಸಿಲಿಗೆ ತೇಕುವ ನಾಯಿ ಬಾಯಿಂದ ಉಸಿರಾಡುತ್ತದೆ, ಸರಿಯಾಗಿ ಮೂಸಲಾರದು. ಒಳ್ಳೆಯ ಕಾಲವೆಂದರೆ ಮಳೆ ನಿಂತ ಮೇಲೆ, ದಸರೆಯಿಂದ ಸಂಕ್ರಾಂತಿ ತನಕ. ಒಳ್ಳೆಯ ಹೊತ್ತು ನಸುಕಿನಲ್ಲಿ, ಇಬ್ಬನಿ ಆರುವ ಮೊದಲು. ಮೊಣಕಾಲಿನ ಕೆಳಗೇ ಇರುವ ಹುಲ್ಲಿನ ಜಾಗ ಸಿಕ್ಕರೆ ಅದೇ ಉತ್ತಮ. ಇಲ್ಲವಾದರೆ ಒಮ್ಮೆ ಹರಗಿ ಬಿಟ್ಟ, ಪಸಿ ಇರುವ ಹೊಲ ಆದೀತು. ಅಲ್ಲಿ ಹೆಜ್ಜೆ ನಿಮ್ಮ ಕಣ್ಣಿಗೂ ಕಾಣುವುದರಿಂದ ನಾಯಿ ಜಾಡಿನ ಮೇಲೆ ಇದೆಯೋ ಇಲ್ಲವೋ ತಿಳಿಯುತ್ತದೆ. ಕಬ್ಬಿನ ಒಳಗೆ, ಕಡಲೆ ನಿಂತ ಹೊಲದಲ್ಲಿ ಬೇಡ. ಔಷಧಿ ಹೊಡೆದ ದ್ರಾಕ್ಷಿ ಪಡ, ಹತ್ತಿ ಹೊಲದ ಸನಿಹಕ್ಕೂ ಹೋಗಬೇಡಿ. ನೆಲ ಮೂಸುವ ನಾಯಿ ಆ ವಿಷವನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಸಾಮಾನು ಹೆಚ್ಚೇನೂ ಇಲ್ಲ. ಕೊರಳಪಟ್ಟಿಗೆ ಹಗ್ಗ ಕಟ್ಟಬೇಡಿ. ಎಳೆದಾಗ ಗಂಟಲು ಒತ್ತುತ್ತದೆ, ನಾಯಿ ತಲೆ ಎತ್ತುತ್ತದೆ. ಈ ತಳಿಯ ತಲೆ ಸಪೂರ, ಪಟ್ಟಿಯಿಂದ ಸಲೀಸಾಗಿ ಜಾರಿಯೂ ಹೋಗುತ್ತದೆ. ಎದೆಗೆ ಹಾಕುವ ಹಾರ್ನೆಸ್ ಬೇಕು. ಅಂಗಡಿಯಲ್ಲಿ ಸಿಗುವುದು ಲ್ಯಾಬ್ರಡಾರ್ ಅಳತೆಯದು, ಆಳವಾದ ಎದೆ ಮತ್ತು ಸಣ್ಣ ನಡುವಿನ ಮುಧೋಳಕ್ಕೆ ಕೂರುವುದಿಲ್ಲ. ಒಂದೂವರೆ ಇಂಚಿನ ಹತ್ತಿ ನವಾರದಲ್ಲಿ ಹೊಲಿಸಿ, ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ. ಇದರ ಚರ್ಮ ತೆಳು, ಕೂದಲು ಕಡಿಮೆ, ಮುಂಗಾಲಿನ ಹಿಂದೆ ಬೇಗ ಉಜ್ಜಿ ಗಾಯವಾಗುತ್ತದೆ. ಹಗ್ಗ 10 ಮೀಟರ್, ಹತ್ತಿಯದು. ನೈಲಾನ್ ಕೈ ಸುಡುತ್ತದೆ. ಜಾಡಿನ ಹೊತ್ತಿಗೆ ಮಾತ್ರ ಹಾರ್ನೆಸ್ ಹಾಕಿ. ಅದನ್ನು ಹಾಕಿದರೆ ಯಾವ ಕೆಲಸ ಎಂಬುದು ನಾಯಿಗೆ ಗೊತ್ತಾಗಬೇಕು.

ಮೊದಲ ಜಾಡು ಹೀಗೆ. ಹಿಂದಿನ ರಾತ್ರಿ ಅರ್ಧ ಊಟ ಹಾಕಿ, ನೀರು ಮಾತ್ರ ಬೇಕಾದಷ್ಟು ಇರಲಿ. ಉಪ್ಪು, ಮಸಾಲೆ ಇಲ್ಲದೆ ಕುದಿಸಿದ ಕೋಳಿಯನ್ನು ಕಡಲೆಕಾಳಿನ ಗಾತ್ರಕ್ಕೆ ಚೂರು ಮಾಡಿ. ನಾಯಿಯನ್ನು ಹೊಲ ಕಾಣದ ಕಡೆ ಕಟ್ಟಿ ಹಾಕಿ, ನೀವು ಹೋಗುವುದನ್ನು ಅದು ನೋಡಬಾರದು. ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ನಿಲ್ಲಿ. ಎದುರುಗಾಳಿಯಲ್ಲಿ ಮುಂದಿರುವ ಮಾಂಸದ ವಾಸನೆ ಗಾಳಿಯಲ್ಲೇ ಬಂದುಬಿಡುತ್ತದೆ, ತಲೆ ಮತ್ತೆ ಮೇಲೆ. ಒಂದು ಕೋಲು ನೆಟ್ಟು, ಅದರ ಪಕ್ಕ ಒಂದು ಮೀಟರ್ ಚೌಕವನ್ನು ಚೆನ್ನಾಗಿ ತುಳಿದು, ಅದರಲ್ಲಿ ಹದಿನೈದು-ಇಪ್ಪತ್ತು ಚೂರು ಚೆಲ್ಲಿ. ಅಲ್ಲಿಂದ ಒಂದು ಪಾದದ ಮುಂದೆ ಇನ್ನೊಂದು ಪಾದ ಇಡುತ್ತ ಇಪ್ಪತ್ತು ಹೆಜ್ಜೆ ನೇರ ನಡೆಯಿರಿ, ಪ್ರತಿ ಹೆಜ್ಜೆಯ ಗುರುತಿನೊಳಗೆ ಒಂದು ಚೂರು. ಕೊನೆಗೆ ಒಂದು ಹಿಡಿ. ಬಂದ ದಾರಿಯಲ್ಲೇ ಮರಳಿದರೆ ಜಾಡು ಕೆಡುತ್ತದೆ. ಪಕ್ಕಕ್ಕೆ ಒಂದು ಉದ್ದ ಜಿಗಿತ ಹಾಕಿ, ಮೂವತ್ತು ಮೀಟರ್ ದೂರದಿಂದ ಸುತ್ತಿ ಬನ್ನಿ. ಐದರಿಂದ ಹತ್ತು ನಿಮಿಷ ಬಿಟ್ಟು ನಾಯಿಯನ್ನು ತನ್ನಿ. ತಡ ಮಾಡಿದರೆ ಇರುವೆ ಮುತ್ತುತ್ತವೆ, ಇರುವೆ ಕಚ್ಚಿದ ಮರಿ ಆಮೇಲೆ ನೆಲಕ್ಕೆ ಮೂಗು ಇಡಲು ಅಂಜುತ್ತದೆ. ಗೂಡು ನೋಡಿಯೇ ಜಾಗ ಆರಿಸಿ.

ಹಗ್ಗವನ್ನು ಮುಂಗಾಲುಗಳ ನಡುವಿಂದ ಕೆಳಗೆ ಹಾಯಿಸಿ ಗಿಡ್ಡವಾಗಿ ಹಿಡಿದುಕೊಂಡು ಚೌಕಕ್ಕೆ ಕರೆತನ್ನಿ. ಬೆರಳಿಂದ ನೆಲ ತೋರಿಸಿ, ಬಾಯಿ ಮುಚ್ಚಿಕೊಂಡಿರಿ. ಚೂರು ಹುಡುಕುತ್ತ ಮೂಗು ಕೆಳಗಿರುವಾಗ ಮಾತ್ರ ಮೆಲ್ಲಗೆ ‘ಹುಡುಕು’ ಎನ್ನಿ. ಮೂಗು ಮೇಲಿರುವಾಗ ಹೇಳಿದರೆ ಆ ಮಾತಿಗೆ ‘ಸುತ್ತ ನೋಡು’ ಎಂಬ ಅರ್ಥ ಅಂಟಿಕೊಳ್ಳುತ್ತದೆ. ತಲೆ ಎತ್ತಿದರೆ ನಿಂತುಬಿಡಿ. ಜಗ್ಗುವುದು, ಗದರುವುದು ಬೇಡವೇ ಬೇಡ. ಮುಧೋಳ ಒಮ್ಮೆ ಮುನಿದರೆ ಆ ದಿನದ ಪಾಠ ಮುಗಿದಂತೆ. ದಿನಕ್ಕೆ ಎರಡು ಜಾಡು, ವಾರಕ್ಕೆ ನಾಲ್ಕು ದಿನ ಸಾಕು.

ಮೂಗು ಎತ್ತದೆ ಕೊನೆ ಮುಟ್ಟಲು ಕಲಿತ ಮೇಲೆ ಉದ್ದ ಬೆಳೆಸಿ: ಮೂವತ್ತು, ಐವತ್ತು, ನೂರು ಹೆಜ್ಜೆ. ಚೂರುಗಳನ್ನು ಎರಡಕ್ಕೊಂದು, ಐದಕ್ಕೊಂದು, ಆಮೇಲೆ ಲೆಕ್ಕವಿಲ್ಲದೆ ಇಡಿ. ಉದ್ದ, ಹಳತಾಗುವ ಸಮಯ (ಜಾಡು ಹಾಕಿದ ಮೇಲೆ ನಾಯಿಯನ್ನು ತರುವ ತನಕದ ಹೊತ್ತು), ತಿರುವು ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬೆಳೆಸಿ, ಉಳಿದವು ಸುಲಭವಾಗಿಯೇ ಇರಲಿ. ಹೆಚ್ಚಿನವರ ಪಾಠ ಕೆಡುವುದೇ ಇಲ್ಲಿ.

ತಿರುವಿಗೆ ನೂರು ಹೆಜ್ಜೆ ನೇರ ಬಂದ ಮೇಲೆ ಕೈ ಹಾಕಿ. ಮೊದಲು ದುಂಡು ಬಾಗು, ಆಮೇಲೆ ಕಾಟಕೋನ, ಅಂದರೆ ಲಂಬಕೋನದ ತಿರುವು. ತಿರುವಿನ ಮೊದಲು ಐದು ಹೆಜ್ಜೆ, ಆಮೇಲೆ ಐದು ಹೆಜ್ಜೆ ಒತ್ತೊತ್ತಾಗಿ ನಡೆದು ಚೂರು ಇಡಿ, ಸರಿ ಮೂಲೆಯಲ್ಲಿ ಮಾತ್ರ ಬೇಡ. ನಾಯಿ ಎರಡು ಮೂರು ಮೀಟರ್ ಮುಂದೆ ಹೋಗಿ ವಾಸನೆ ತಪ್ಪಿಸಿಕೊಳ್ಳುತ್ತದೆ, ಅದು ಸಹಜ. ಹಗ್ಗ ಸಡಿಲ ಬಿಟ್ಟು ಕದಲದೆ ನಿಲ್ಲಿ, ಅದು ಸುತ್ತು ಹಾಕಿ ತಾನೇ ಹುಡುಕಲಿ. ಇಲ್ಲಿ ನಿಮ್ಮ ಮೈ ಒಂದಿಷ್ಟು ವಾಲಿದರೂ ನಾಯಿ ಅದನ್ನು ಓದುತ್ತದೆ, ಮುಂದೆ ಪ್ರತಿ ತಿರುವಿನಲ್ಲೂ ಜಾಡು ಬಿಟ್ಟು ನಿಮ್ಮ ಮುಖ ನೋಡುತ್ತದೆ. ಅದಕ್ಕೇ ಎರಡನೆಯ ತಿಂಗಳಿಂದ ಬೇರೆಯವರಿಂದ ಜಾಡು ಹಾಕಿಸಿ, ತಿರುವು ಎಲ್ಲಿದೆ ಎಂದು ನಿಮಗೂ ಗೊತ್ತಿರದಂತೆ ನಡೆಯಿರಿ. ಹಾಕಿದವರು ದೂರ ನಿಂತು ನೋಡಲಿ. ಬೇರೆ ಬೇರೆ ಜನ ಹಾಕಬೇಕು, ಇಲ್ಲವಾದರೆ ಒಬ್ಬರ ವಾಸನೆಗೇ ಕಲಿತುಬಿಡುತ್ತದೆ.

ಅಡ್ಡಗಾಳಿಯಲ್ಲಿ ನಾಯಿ ಹೆಜ್ಜೆಯ ಮೇಲೆ ನಡೆಯದೆ, ಗಾಳಿ ಹೋಗುವ ಬದಿಗೆ ಒಂದೆರಡು ಮೀಟರ್ ಸರಿದು ನಡೆದರೆ ತಪ್ಪಲ್ಲ. ವಾಸನೆ ಅಲ್ಲಿಗೇ ಸರಿದಿರುತ್ತದೆ. ಜೂನ್‌ನಿಂದ ಆಗಸ್ಟ್ ತನಕ ನಮ್ಮ ಕಡೆ ಬೀಸುವ ಗಾಳಿಗೆ ಇದು ಇನ್ನೂ ಹೆಚ್ಚು.

ನಡುವೆ ಮೊಲ ಎದ್ದರೆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಿ, ನಾಯಿ ತಣ್ಣಗಾಗುವ ತನಕ ಕಾಯಿರಿ, ಆ ಜಾಡನ್ನು ಅಲ್ಲಿಗೇ ಬಿಟ್ಟು ಹತ್ತು ಹೆಜ್ಜೆಯ ಸುಲಭದ ಜಾಡು ಮಾಡಿಸಿ ಮನೆಗೆ ಹೋಗಿ. ಬಿಟ್ಟು ಓಡಿಸಬೇಡಿ. ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಅಪರಾಧ. ಪಾಠದ ಮಟ್ಟಿಗೂ, ಒಂದು ಓಟ ಹಲವು ವಾರಗಳ ಮೂಗಿನ ಕೆಲಸವನ್ನು ಅಳಿಸುತ್ತದೆ. ಪ್ರತಿ ಜಾಡಿನ ಕೊನೆಗೆ ಬೆರಳ ಸಂದಿ ಬಿಡಿಸಿ ನೆಗ್ಗಿಲ ಮುಳ್ಳು, ಜಾಲಿ ಮುಳ್ಳು ನೋಡಿ. ನಿಧಾನವಾಗಿರುವ ನಾಯಿಯನ್ನು ಸೋಮಾರಿ ಎನ್ನುವ ಮೊದಲು ಪಾದ ನೋಡಬೇಕು.

ಹಾಕಿ ಹತ್ತು ನಿಮಿಷವಾದ ಜಾಡು ಹಿಡಿಯುವುದು ಗಟ್ಟಿಯಾದ ಮೇಲೆ ಇಪ್ಪತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಹಳತಾಗಲು ಬಿಡಿ. ಆಗ ಮಾಂಸವನ್ನು ಕೊನೆಯಲ್ಲಿ ಮುಚ್ಚಳದ ಡಬ್ಬಿಯಲ್ಲಷ್ಟೇ ಇಡಿ. ನಿಜವಾಗಿ ಕಳೆದುಹೋದವರನ್ನು ಹುಡುಕುವ ಮಟ್ಟಕ್ಕೆ ಇನ್ನೂ ತುಂಬಾ ದೂರವಿದೆ, ಒಂದು ವರ್ಷದ ಒಳಗೆ ಅದನ್ನು ನಂಬಿ ಹೊರಡಬೇಡಿ. ಅಂಥ ಸಂದರ್ಭ ಬಂದರೆ ಪೊಲೀಸರಿಗೆ ತಿಳಿಸಿ, ಶ್ವಾನದಳ ಬರುವ ತನಕ ಆ ವ್ಯಕ್ತಿ ಕೊನೆಗೆ ಕಂಡ ಜಾಗಕ್ಕೆ ಊರ ಜನ ನುಗ್ಗದಂತೆ ನೋಡಿಕೊಳ್ಳಿ. ಅವರು ತೊಟ್ಟ ಬಟ್ಟೆಯನ್ನು ಬೇರೆಯವರು ಮುಟ್ಟದಂತೆ ಸ್ವಚ್ಛ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿಡಿ.