ಮುರುಗಲು ಸಿಪ್ಪೆ ಡಿಎನ್‌ಎಯನ್ನು ಕಾಯುತ್ತದೆಯೇ?

ಪ್ರಶ್ನೆ: ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಡಿಎನ್‌ಎ ಕೂರಿಸಿ, ಫೆರಸ್ ಸಲ್ಫೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿ ಡಿಎನ್‌ಎಗೆ ಆಗುವ ಹಾನಿ ಅಳೆಯುತ್ತಿದ್ದೇನೆ. ಮುರುಗಲು (ಕೋಕಂ) ಸಿಪ್ಪೆಯ ರಸ ಸೇರಿಸಿದರೆ ಡಿಎನ್‌ಎಯ ಬೇಸ್‌ಗಳಲ್ಲೊಂದಾದ ಗ್ವಾನಿನ್‌ನ ಪೀಕ್ (ಕರೆಂಟಿನ ಏರಿಕೆ) ಇಳಿಯುವುದಿಲ್ಲ. ಆದರೆ +0.4 ವೋಲ್ಟ್ ಆಸುಪಾಸು ಹೊಸ ಪೀಕ್ ಏಳುತ್ತದೆ. ಅದು ಹಾನಿಗೊಂಡ ಗ್ವಾನಿನ್, ಅಂದರೆ 8-ಆಕ್ಸೋಗ್ವಾನಿನ್ ತಾನೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಹಾಗೆಂದು ಈಗಲೇ ಬರೆದುಬಿಡಬೇಡಿ. ಸಿಪ್ಪೆಗೆ ಕೆಂಪು ಕೊಡುವ ಆಂಥೋಸಯನಿನ್ ಕೂಡ ಹೆಚ್ಚುಕಡಿಮೆ ಅಲ್ಲೇ ಉತ್ಕರ್ಷಣಗೊಳ್ಳುತ್ತದೆ. ಡಿಎನ್‌ಎ ಇಲ್ಲದ ಎಲೆಕ್ಟ್ರೋಡನ್ನು ಅದೇ ರಸದಲ್ಲಿ ಅಷ್ಟೇ ಹೊತ್ತು ಅದ್ದಿ, ತೊಳೆದು, ಹೊಸ 0.1 ಮೋಲಾರ್ ಅಸಿಟೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಅಳೆಯಿರಿ. ಪೀಕ್ ಬಂತೆಂದರೆ ಅದು ಸಿಪ್ಪೆಯದು.

ಗ್ವಾನಿನ್ ಪೀಕ್ ಉಳಿದದ್ದೂ ಅನುಮಾನದ ವಿಷಯವೇ. ಮುರುಗಲಿನಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಧಾರಾಳ. ಅದು ಹಾನಿಗೆ ಕಾರಣವಾಗುವ ಕಬ್ಬಿಣವನ್ನೇ ಹಿಡಿದಿಡುತ್ತದೆ, ಪಿಎಚ್ ಕೂಡ ಇಳಿಸುತ್ತದೆ. ರಸದ ಪಿಎಚ್ ಅನ್ನು ಬಫರ್‌ಗೆ ಸರಿಹೊಂದಿಸಿ. ಅಷ್ಟೇ ಹುಳಿಯ ಸಿಟ್ರಿಕ್ ಆಮ್ಲದ ದ್ರಾವಣವನ್ನೂ ಅದೇ ಪಿಎಚ್‌ಗೆ ತಂದು ಬೇರೆಯಾಗಿ ನೋಡಿ. ಅದೂ ಪೀಕ್ ಉಳಿಸಿದರೆ ಶ್ರೇಯಸ್ಸು ಬಣ್ಣಕ್ಕಲ್ಲ, ಹುಳಿಗೆ. ಕರಾವಳಿಯ ಉಪ್ಪು ಹಾಕಿದ ಸಿಪ್ಪೆಯಂತೂ ಬೇಡ.

ಫೆರಸ್ ದ್ರಾವಣ ದಿನವೂ ಹೊಸದಾಗಿರಲಿ. ತಿಳಿಹಸಿರು ಹಳದಿಗೆ ತಿರುಗಿದರೆ ಚೆಲ್ಲಿ. ಬಫರ್ ಅಸಿಟೇಟಿನದೇ ಇರಲಿ; ಫಾಸ್ಫೇಟ್ ಬಫರ್‌ನಲ್ಲಿ ಕಬ್ಬಿಣ ಗಷ್ಟಾಗಿ ತಳಕ್ಕಿಳಿಯುತ್ತದೆ.

ಇನ್ನೊಂದು ಮಾತು, ಶಿರಸಿಯ ಮಳೆಗಾಲಕ್ಕೇ ಹೇಳಿದ್ದು: ಎಲೆಕ್ಟ್ರೋಡ್ ಮೇಲಿಟ್ಟ ಡಿಎನ್‌ಎ ಹನಿ ಬಯಲಲ್ಲಿ ಗಂಟೆಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ತೊಳೆದಾಗ ಪದರವೇ ಜಾರಿಹೋಗುತ್ತದೆ. ಡೆಸಿಕೇಟರ್‌ನಲ್ಲಿ (ತೇವ ಹೀರುವ ಮುಚ್ಚಿದ ಪಾತ್ರೆ) ಒಣಗಿಸಿ. ಕಬ್ಬಿಣ, ಪೆರಾಕ್ಸೈಡ್ ಎರಡೂ ಇಲ್ಲದ ಬಫರ್‌ನಲ್ಲಿ ಒಂದು ಎಲೆಕ್ಟ್ರೋಡ್ ಅಷ್ಟೇ ಹೊತ್ತು ಅದ್ದಿಡಿ. ಅಲ್ಲಿ ಕಾಣುವ ಇಳಿಕೆ ಹಾನಿಯಲ್ಲ, ಬರೀ ಸೋರಿಕೆ.